ಹಿತಗತಿಯೋ, ವೇಗಗತಿಯೋ?

ಕ್ಲಚ್ ತುಳಿಯುವ ಗೊಡವೆಯಿಲ್ಲದ ಕಾರುಗಳು ಇಂದು ಶಿರಹಟ್ಟಿಯಂಥ ಊರುಗಳಿಗೂ ಹೊಸತಲ್ಲ. ೨೦೧೪ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಕಡಿಮೆ ಬೆಲೆಯಲ್ಲಿ ತಾನಾಗಿಯೇ ಗೇರ್ ಬದಲಿಸುವ ಏರ್ಪಾಡನ್ನು ತಂದ ಮೇಲೆ ಈ ಅನುಕೂಲ ಮಧ್ಯಮ ವರ್ಗದ ಕುಟುಂಬಗಳಿಗೂ ಎಟುಕಿತು. ಇಂಥ ಕೆಲವು ಕಾರುಗಳಲ್ಲಿ 'ಕಂಫರ್ಟ್', 'ಸ್ಪೋರ್ಟ್' ಎಂಬ ಎರಡು ಕ್ರಮಗಳಿರುತ್ತವೆ.

ಸ್ಪೋರ್ಟ್ ಎಂದೊಡನೆ ಎಂಜಿನ್ನಿನ ಶಕ್ತಿಯೇ ಹೆಚ್ಚುವುದೆಂದು ನಾವು ಭಾವಿಸಬೇಕಾಗಿಲ್ಲ. ಮುಖ್ಯವಾಗಿ ಬದಲಾಗುವುದು ಗೇರ್ ಬೀಳುವ ಹೊತ್ತು. ಕಂಫರ್ಟಿನಲ್ಲಿ ಮೇಲಿನ ಗೇರು ಬೇಗನೆ ಬೀಳುತ್ತದೆ. ಸದ್ದು ತಗ್ಗುತ್ತದೆ, ಇಂಧನ ಉಳಿಯುತ್ತದೆ. ಸ್ಪೋರ್ಟಿನಲ್ಲಿ ಕೆಳಗಿನ ಗೇರು ಹೆಚ್ಚು ಹೊತ್ತು ನಿಲ್ಲುವುದರಿಂದ ಆಕ್ಸಿಲರೇಟರ್ ತುಳಿದೊಡನೆ ವಾಹನ ಮುನ್ನುಗ್ಗುತ್ತದೆ.

ಹಿಂದಿನ ಸೀಟಿನಲ್ಲಿ ವೃದ್ಧರೋ ಬಸುರಿಯೋ ಇದ್ದರೆ ಕಂಫರ್ಟೇ ಯೋಗ್ಯ. ಗದಗಿನ ದಾರಿಯಲ್ಲಿ ಶೇಂಗಾ ಹೇರಿದ ಟ್ರ್ಯಾಕ್ಟರನ್ನು ದಾಟುವ ಮುನ್ನ ಸ್ಪೋರ್ಟಿಗೆ ಬಂದರೆ, ಎದುರು ವಾಹನಗಳ ಪಥದಲ್ಲಿರುವ ಹೊತ್ತು ಕಡಿಮೆಯಾಗುತ್ತದೆ. ಆದರೆ ಮುಂದಿನ ರಸ್ತೆ ಸ್ಪಷ್ಟವಾಗಿ ಕಾಣದಾಗ ಯಾವ ಕ್ರಮವೂ ನಮ್ಮನ್ನು ಕಾಯದು. ಹಿಂದೆ ಉಳಿಯುವುದೇ ಜಾಣತನ.

ಗೋಕರ್ಣಕ್ಕೆ ಹೊರಟವರು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಇನ್ನಷ್ಟು ಎಚ್ಚರ ಬೇಕು. ಮೇಲಿನ ಗೇರಿನಲ್ಲಿ ಬ್ರೇಕನ್ನೇ ತುಳಿಯುತ್ತ ಹೋದರೆ ಅದು ಕಾದು ಹಿಡಿತ ಕಳೆದುಕೊಳ್ಳಬಹುದು. ಕೈಯಿಂದ ಗೇರ್ ಇಳಿಸುವ ಸೌಲಭ್ಯವನ್ನೋ, ಅದಿಲ್ಲದಿದ್ದರೆ ಸ್ಪೋರ್ಟನ್ನೋ ಬಳಸಿದಲ್ಲಿ ಎಂಜಿನ್ನೇ ವೇಗವನ್ನು ತಡೆಯುತ್ತದೆ.

ನಿತ್ಯದ ಓಡಾಟಕ್ಕೆ ಕಂಫರ್ಟ್, ಅಗತ್ಯಕ್ಕೆ ಸ್ಪೋರ್ಟ್. ಮಕ್ಕಳ ಕೈಗೆ ಕೀಲಿ ಕೊಡುವಾಗ ಹಿರಿಯರು ಇಷ್ಟನ್ನು ತಿಳಿಹೇಳಲೆಂಬುದು ನಮ್ಮ ವಿನಂತಿ.