ಕ್ಷಮೆಗೆ ಹಿಡಿದ ಐವತ್ತು ವರ್ಷ

ಎರಿಕ್ ಲೋಮ್ಯಾಕ್ಸ್ ಅವರಿಗೆ ಹುಡುಗನಾಗಿದ್ದಾಗಿನಿಂದಲೂ ರೈಲಿನ ಹುಚ್ಚು. 1919ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದ ಅವರು ಹದಿನಾರಕ್ಕೆ ಶಾಲೆ ಬಿಟ್ಟು ಅಂಚೆ ಇಲಾಖೆಗೆ ಸೇರಿದರು, ತಂತಿ ಕೆಲಸ ಕಲಿತರು. 1939ರಲ್ಲಿ, ಎರಡನೇ ಮಹಾಯುದ್ಧ ಶುರುವಾಗುವ ಮುನ್ನವೇ, ಸೇನೆಯ ಸಿಗ್ನಲ್ಸ್ ವಿಭಾಗ ಅವರನ್ನು ಸೇರಿಸಿಕೊಂಡಿತು. ಮುಂದೆ ಪ್ರಾಣಕ್ಕೇ ಸಂಚಕಾರ ತಂದದ್ದು ಈ ಎರಡೇ ವಿದ್ಯೆಗಳು: ರೈಲು ಮತ್ತು ರೇಡಿಯೊ.

1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಶರಣಾದ ದೊಡ್ಡ ಸೇನೆಯಲ್ಲಿ ಸುಮಾರು ಅರ್ಧದಷ್ಟು ಮಂದಿ ಭಾರತೀಯ ಸೈನಿಕರು. ಲೋಮ್ಯಾಕ್ಸ್ ಕೂಡ ಅಲ್ಲೇ ಸೆರೆಯಾದರು. ಬರ್ಮಾದಲ್ಲಿದ್ದ ತನ್ನ ಪಡೆಗಳಿಗೆ ಸಮುದ್ರದ ಮೂಲಕ ಸರಕು ಸಾಗಿಸುವುದು ಜಪಾನಿಗೆ ಅಪಾಯಕರವಾಗಿತ್ತು. ಹಾಗಾಗಿ ಥಾಯ್ಲೆಂಡಿನ ಬಾನ್ ಪಾಂಗ್‌ನಿಂದ ಬರ್ಮಾದ ಥಾನ್‌ಬ್ಯುಜಯಾತ್‌ವರೆಗೆ ಕಾಡು, ಬಂಡೆ ಸೀಳಿಕೊಂಡು 415 ಕಿಲೋಮೀಟರ್ ಹಳಿ ಹಾಸಲು ಅದು ಹೊರಟಿತು. ಬ್ರಿಟಿಷರು ಹಿಂದೊಮ್ಮೆ ಇದೇ ದಾರಿಯನ್ನು ಅಳೆದು ನೋಡಿ, ಆಗದ ಕೆಲಸವೆಂದು ಕೈಬಿಟ್ಟಿದ್ದರು. ಜಪಾನ್ ಅದನ್ನು ಸುಮಾರು ಹದಿನಾರು ತಿಂಗಳಲ್ಲಿ, ಹೆಚ್ಚಾಗಿ ಹಾರೆ, ಗುದ್ದಲಿ, ಬುಟ್ಟಿಗಳಲ್ಲೇ ಮುಗಿಸಿತು. ದುಡಿದ ಸುಮಾರು 60,000 ಯುದ್ಧಕೈದಿಗಳಲ್ಲಿ 12,000ಕ್ಕೂ ಹೆಚ್ಚು ಮಂದಿ ಹಸಿವು, ಕಾಲರಾ, ಹುಣ್ಣು, ಹೊಡೆತಗಳಿಂದ ಸತ್ತರು. ಏಷ್ಯಾದ ಕೂಲಿಗಳ ಸಾವು ಇದರ ಹಲವು ಪಟ್ಟು. ಸುಮಾರು 90,000 ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅವರಲ್ಲಿ ಮಲಯದ ರಬ್ಬರ್ ತೋಟಗಳಿಂದ ಒಯ್ದ ತಮಿಳರು ಬಹಳ. ಕೈದಿಗಳ ಸಮಾಧಿಗಳಿಗೆ ಹೆಸರಿನ ಫಲಕಗಳಿವೆ, ಕೂಲಿಗಳಲ್ಲಿ ಬಹುತೇಕರಿಗೆ ಅದೂ ಇಲ್ಲ.

ಲೋಮ್ಯಾಕ್ಸ್ ಇದ್ದದ್ದು ಈ ಮಾರ್ಗದ ಥಾಯ್ಲೆಂಡ್ ಭಾಗದಲ್ಲಿ, ಕಾಂಚನಬುರಿಯ ವರ್ಕ್‌ಶಾಪಿನಲ್ಲಿ. ಹಳಿ ಹಾಸುವ ತಂಡಗಳಿಗಿಂತ ಅಲ್ಲಿನ ಬದುಕು ವಾಸಿಯಾಗಿತ್ತು. ಅಲ್ಲಿ ಕೆಲವರು ಸೇರಿ ಗುಟ್ಟಾಗಿ ಒಂದು ರೇಡಿಯೊ ಕಟ್ಟಿದರು. ದೆಹಲಿಯಿಂದ ಬರುತ್ತಿದ್ದ ವಾರ್ತೆಗಳನ್ನು ಅದರಲ್ಲಿ ಕೇಳಿ, ಬಾಯಿಂದ ಬಾಯಿಗೆ ಸುದ್ದಿ ದಾಟಿಸುತ್ತಿದ್ದರು. ಜೊತೆಗೆ ಲೋಮ್ಯಾಕ್ಸ್ ಮಾರ್ಗದ ನಕ್ಷೆಯೊಂದನ್ನು ಬರೆದಿಟ್ಟುಕೊಂಡಿದ್ದರು. ರೈಲಿನ ಮೋಹಿ ಇಂಥ ನಕ್ಷೆ ಬರೆಯದೆ ಇರಲಾರ. ಆದರೆ ಗೂಢಚರ್ಯೆಯ ಶಂಕೆಯಲ್ಲಿ ನೋಡುವವರಿಗೆ ಅದು ಸಾಕ್ಷಿಯಲ್ಲದೆ ಬೇರೇನೂ ಆಗಿ ಕಾಣುವಂತಿರಲಿಲ್ಲ. 1943ರ ಆಗಸ್ಟ್‌ನಲ್ಲಿ ರೇಡಿಯೊ ಸಿಕ್ಕಿಬಿತ್ತು. ಸಿಕ್ಕವರನ್ನು ಬಿಸಿಲಲ್ಲಿ ನಿಲ್ಲಿಸಿ, ಗುದ್ದಲಿ ಹಿಡಿಗಳಿಂದ ರಾತ್ರಿ ಬಡಿದರು. ಇಬ್ಬರು ಅಧಿಕಾರಿಗಳು ಸತ್ತೇಹೋದರು. ಲೋಮ್ಯಾಕ್ಸ್ ಅವರ ಎರಡೂ ಕೈ, ಹಲವು ಪಕ್ಕೆಲುಬು ಮುರಿದವು.

ಮುಂದಿನದು ಜಪಾನಿನ ಸೇನಾ ಪೊಲೀಸ್ ಪಡೆಯಾದ ಕೆಂಪೆಯ್‌ತಾಯ್ ನಡೆಸಿದ ವಿಚಾರಣೆ. ದಿನಗಟ್ಟಲೆ ಅದೇ ಪ್ರಶ್ನೆಗಳು. ಮುರಿದ ಕೈಗಳಿದ್ದ ಮನುಷ್ಯನನ್ನು ಬೆಂಚಿಗೆ ಕಟ್ಟಿ, ಮೂಗು ಬಾಯಿಗಳಿಗೆ ಕೊಳವೆಯಿಂದ ನೀರು ತುಂಬಿಸಿದರು. ಪ್ರಶ್ನೆಗಳನ್ನು ಇಂಗ್ಲಿಷಿಗೆ ದಾಟಿಸುತ್ತಿದ್ದ ದುಭಾಷಿ ನಾಗಾಸೆ ತಕಾಶಿ. ಲೋಮ್ಯಾಕ್ಸ್‌ಗಿಂತ ಒಂದೇ ವರ್ಷ ದೊಡ್ಡವರು. ನಾಗಾಸೆ ಹೊಡೆದವರಲ್ಲ. ಆದರೂ ಮುಂದೆ ಲೋಮ್ಯಾಕ್ಸ್ ಅವರ ಕನಸಿಗೆ ಬರುತ್ತಿದ್ದದ್ದು ಹೊಡೆದವರಿಗಿಂತ ಹೆಚ್ಚಾಗಿ ಈ ಸಣ್ಣಕಾಯದ ದುಭಾಷಿ. ಅರ್ಥವಾಗುವ ಭಾಷೆಯಲ್ಲಿ ಮಾತಾಡಿದವನು ಅವನೊಬ್ಬನೇ ಆಗಿದ್ದುದರಿಂದ ಇಡೀ ಹಿಂಸೆಗೆ ಅವನದೇ ದನಿ ಅಂಟಿಕೊಂಡಿತ್ತು. ಬ್ಯಾಂಕಾಕಿನ ಸೇನಾ ನ್ಯಾಯಾಲಯ ಲೋಮ್ಯಾಕ್ಸ್ ಅವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಆಮೇಲಿನ ಸೆರೆವಾಸದ ಒಂದು ಪಾಲು ಸಿಂಗಪುರದ ಔಟ್‌ರಾಂ ರೋಡ್ ಜೈಲಿನಲ್ಲಿ, ಮಾತಾಡುವಂತಿಲ್ಲದ ಕೋಣೆಯಲ್ಲಿ, ಹಸಿವಿನಲ್ಲಿ ಕಳೆಯಿತು.

1945ರಲ್ಲಿ ಬಿಡುಗಡೆಯಾದಾಗ ತಾಯಿ ತೀರಿಕೊಂಡು ವರ್ಷಗಳೇ ಕಳೆದಿದ್ದವು, ತಂದೆ ಮರುಮದುವೆಯಾಗಿದ್ದರು. ಮನೆಗೆ ಮರಳಿದ ಕೆಲವೇ ವಾರಗಳಲ್ಲಿ ಲೋಮ್ಯಾಕ್ಸ್ ಮದುವೆಯಾದರು. ಬಿಡುಗಡೆಗೊಂಡ ಕೈದಿಗಳಿಗೆ ಸೇನೆ ಹಂಚಿದ ಕರಪತ್ರ, ಕಂಡದ್ದನ್ನು ಹೇಳಿ ಸತ್ತವರ ಮನೆಯವರನ್ನು ನೋಯಿಸಬೇಡಿ, ಬಾಯಿ ಬಿಗಿಹಿಡಿಯಿರಿ ಎಂದಿತ್ತು. ಬಹಳ ಮಂದಿ ಅದನ್ನು ಸಾಯುವವರೆಗೂ ಪಾಲಿಸಿದರು. ಲೋಮ್ಯಾಕ್ಸ್ ಆಗಿನ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ವಸಾಹತು ಆಡಳಿತದ ಕೆಲಸ ಮಾಡಿದರು. ಆಮೇಲೆ ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಹೊರಗೆ ಎಲ್ಲವೂ ಸರಿಯಿತ್ತು. ಒಳಗೆ ದುಃಸ್ವಪ್ನ, ತಣ್ಣನೆಯ ಸಿಟ್ಟು. ಯಾರಾದರೂ ಅಧಿಕಾರದಿಂದ ಪ್ರಶ್ನೆ ಕೇಳಿದರೆ ಕಲ್ಲಾಗಿಬಿಡುವ ಮನಸ್ಸು. ಆಘಾತೋತ್ತರ ಒತ್ತಡದ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಹೆಸರು ಸಿಕ್ಕಿದ್ದೇ 1980ರಲ್ಲಿ. ಅಷ್ಟರಲ್ಲಿ ಮೊದಲ ದಾಂಪತ್ಯ ಮುರಿಯುವ ಹಂತಕ್ಕೆ ಬಂದಿತ್ತು. ಆ ಮೌನದ ಬೆಲೆಯನ್ನು ಹೆಚ್ಚಾಗಿ ತೆತ್ತವರು ಮೊದಲ ಹೆಂಡತಿ ಮತ್ತು ಮಕ್ಕಳು. ಕ್ಷಮೆಯ ಕಥೆ ಹೇಳುವವರು ಅವರನ್ನು ಸಾಮಾನ್ಯವಾಗಿ ಮರೆಯುತ್ತಾರೆ.

1980ರಲ್ಲಿ ರೈಲೊಂದರಲ್ಲೇ ಪರಿಚಯವಾದ ಪ್ಯಾಟಿ ಅವರನ್ನು ಲೋಮ್ಯಾಕ್ಸ್ 1983ರಲ್ಲಿ ವರಿಸಿದರು. ಗಂಡನ ಮೌನವನ್ನು ಇದ್ದಂತೆಯೇ ಇರಲಿ ಎಂದು ಬಿಡುವವರಲ್ಲ ಪ್ಯಾಟಿ. ಹಿಂಸೆಗೊಳಗಾದವರ ಚಿಕಿತ್ಸೆಗಾಗಿ ಹೆಲೆನ್ ಬ್ಯಾಂಬರ್ ಲಂಡನ್‌ನಲ್ಲಿ 1985ರಲ್ಲಿ ಸ್ಥಾಪಿಸಿದ್ದ ಸಂಸ್ಥೆಯ ಬಾಗಿಲಿಗೆ ದಂಪತಿ ಹೋದರು. ಅಲ್ಲಿ ಮೊದಲ ಸಲ, ಅವಸರವಿಲ್ಲದೆ ಕೇಳಿಸಿಕೊಳ್ಳುವವರು ಸಿಕ್ಕರು.

1989ರಲ್ಲಿ ಪತ್ರಿಕಾ ಲೇಖನವೊಂದರ ಪ್ರತಿ ಲೋಮ್ಯಾಕ್ಸ್ ಅವರ ಕೈಗೆ ಬಂತು. ಅದು ನಾಗಾಸೆ ಅವರ ಬಗ್ಗೆ. ಯುದ್ಧ ಮುಗಿದೊಡನೆ ಮಿತ್ರರಾಷ್ಟ್ರಗಳ ತಂಡದ ಜೊತೆ ಹಳಿಯುದ್ದಕ್ಕೂ ಅಲೆದು ಸತ್ತ ಕೈದಿಗಳ ಸಮಾಧಿ ಹುಡುಕಿದ್ದ ನಾಗಾಸೆ, ಆಮೇಲೆ ಮತ್ತೆ ಮತ್ತೆ ಕಾಂಚನಬುರಿಗೆ ಹೋಗಿ, ಅಲ್ಲಿನ ಕ್ವಾಯ್ ನದಿಯ ರೈಲು ಸೇತುವೆಯ ಬಳಿ ಬೌದ್ಧ ಮಂದಿರವನ್ನೂ ಕಟ್ಟಿಸಿದ್ದರು. ಅವರನ್ನು ಕಾಡುತ್ತಿದ್ದದ್ದು ನೀರಿನ ಹಿಂಸೆಗೆ ಒಳಗಾದ ಒಬ್ಬ ಕೈದಿಯ ನೆನಪು. ನಕ್ಷೆ ಬರೆದಿದ್ದವನ ನೆನಪು. ಲೋಮ್ಯಾಕ್ಸ್ ಅವರಿಗೆ ಆಗ ಬಂದದ್ದು ಕರುಣೆಯಲ್ಲ, ಸೇಡಿನ ಯೋಚನೆ. ನಾಗಾಸೆ ಬರೆದಿದ್ದ ಪುಸ್ತಕದಲ್ಲಿ ಯುದ್ಧಸ್ಮಶಾನದಲ್ಲಿ ತಮಗೆ ಕ್ಷಮೆ ದೊರೆತಂತೆ ಅನಿಸಿತೆಂಬ ಮಾತಿತ್ತು. ಪ್ಯಾಟಿ 1991ರಲ್ಲಿ ನೇರವಾಗಿ ಪತ್ರ ಬರೆದು ಕೇಳಿದರು: ಆ ಕೈದಿ ಇನ್ನೂ ಬದುಕಿದ್ದಾರೆ, ಅವರು ಕ್ಷಮಿಸಿಲ್ಲ, ಹಾಗಿರುವಾಗ ನಿಮಗೆ ಕ್ಷಮೆ ಸಿಕ್ಕಿದ್ದು ಹೇಗೆ? ಈ ಇಡೀ ವೃತ್ತಾಂತದಲ್ಲಿ ಇದಕ್ಕಿಂತ ಹರಿತವಾದ ಪ್ರಶ್ನೆ ಇನ್ನೊಂದಿಲ್ಲ. ನಾಗಾಸೆ ವಾದಕ್ಕಿಳಿಯಲಿಲ್ಲ, ಅವರ ಉತ್ತರ ಪಶ್ಚಾತ್ತಾಪದಿಂದ ಕುಸಿದ ಮನುಷ್ಯನದಾಗಿತ್ತು.

1993ರ ಮಾರ್ಚ್‌ನಲ್ಲಿ ಇಬ್ಬರೂ ಆ ಸೇತುವೆಯ ಬಳಿಯೇ ಭೇಟಿಯಾದರು. ನಾಗಾಸೆ ತಲೆಬಾಗಿ, ನಡುಗುತ್ತ, ಅಳುತ್ತ ಕ್ಷಮೆ ಕೇಳಿದರು. ಲೋಮ್ಯಾಕ್ಸ್ ಅವರೇ ಸಮಾಧಾನ ಮಾಡಬೇಕಾಯಿತು. ಆದರೂ ಆ ದಿನ ಕ್ಷಮೆಯ ಮಾತು ಆಡಲಿಲ್ಲ. ದಿನಗಟ್ಟಲೆ ಜೊತೆಗೆ ಓಡಾಡಿದ ಮೇಲೆ, ಜಪಾನಿಗೂ ಹೋದ ಮೇಲೆ, ಟೋಕಿಯೋದ ಹೋಟೆಲ್ ಕೋಣೆಯಲ್ಲಿ ಇಬ್ಬರೇ ಇದ್ದಾಗ ಲೋಮ್ಯಾಕ್ಸ್ ಒಂದು ಪತ್ರ ಓದಿ ಕೊಟ್ಟರು. ನಡೆದದ್ದನ್ನು ಮರೆಯಲಾರೆ, ಆದರೆ ಪೂರ್ತಿಯಾಗಿ ಕ್ಷಮಿಸಿದ್ದೇನೆ ಎಂಬುದು ಅದರ ತಾತ್ಪರ್ಯ. ಕ್ಷಮೆ ಸಂದದ್ದು ಒಬ್ಬ ವ್ಯಕ್ತಿಗೆ. ಜಪಾನಿನ ಸೇನೆಗಾಗಲಿ ಸರ್ಕಾರಕ್ಕಾಗಲಿ ಅಲ್ಲ.

ಲೋಮ್ಯಾಕ್ಸ್ ಬರೆದ ‘ದಿ ರೈಲ್ವೇ ಮ್ಯಾನ್’ 1995ರಲ್ಲಿ ಹೊರಬಂತು. ನಾಗಾಸೆ 2011ರಲ್ಲಿ, ಲೋಮ್ಯಾಕ್ಸ್ 2012ರ ಅಕ್ಟೋಬರ್ 8ರಂದು ತಮ್ಮ 93ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಪುಸ್ತಕವನ್ನು ಆಧರಿಸಿದ, ಕಾಲಿನ್ ಫರ್ತ್ ಅಭಿನಯದ ಚಲನಚಿತ್ರ ಬಂತು. ಅದರಲ್ಲಿ ಲೋಮ್ಯಾಕ್ಸ್ ಒಬ್ಬರೇ ಹೋಗಿ ದುಭಾಷಿಯನ್ನು ದಿಢೀರನೆ ಎದುರಿಸುತ್ತಾರೆ. ಎರಡು ವರ್ಷಗಳ ಪತ್ರವ್ಯವಹಾರ, ಚಿಕಿತ್ಸೆ, ಮೊದಲ ಸಂಸಾರ, ಯಾವುದೂ ಇಲ್ಲ. ಚಿತ್ರ ನೋಡಿ ಕಣ್ಣೊದ್ದೆ ಮಾಡಿಕೊಂಡವರು ದಯವಿಟ್ಟು ಪುಸ್ತಕವನ್ನೂ ಓದಬೇಕು.