ಅಶ್ಲೀಲತೆ: ಕಾವ್ಯದೋಷ ಮತ್ತು ಅಪರಾಧ

ಕನ್ನಡ ವಿಮರ್ಶೆಯಲ್ಲಿ 'ಅಶ್ಲೀಲ' ಎಂಬ ಪದವು ಎರಡು ಭಿನ್ನ ಪರಂಪರೆಗಳ ಅರ್ಥಗಳನ್ನು ಹೊತ್ತಿದೆ. ಅಲಂಕಾರಶಾಸ್ತ್ರದಲ್ಲಿ ಅದೊಂದು ಕಾವ್ಯದೋಷ. ಲಜ್ಜೆ, ಜುಗುಪ್ಸೆ ಅಥವಾ ಅಮಂಗಳವನ್ನು ಸೂಚಿಸುವ ಪದಪ್ರಯೋಗವೆಲ್ಲವೂ ಅದರ ವ್ಯಾಪ್ತಿಗೆ ಬರುತ್ತದೆ. ಸಾವನ್ನು ನೆನಪಿಸುವ ಮಾತೂ ಈ ದೋಷಕ್ಕೆ ಒಳಗಾಗಬಹುದಾದ್ದರಿಂದ ಕಾಮದ ಸಂಬಂಧ ಅದಕ್ಕೆ ಅನಿವಾರ್ಯವಲ್ಲ. ಇಲ್ಲಿ ಕೆಡುವುದು ಕಾವ್ಯದ ಔಚಿತ್ಯವೇ ಹೊರತು ಓದುಗನ ಶೀಲವಲ್ಲ. ಕಾನೂನಿನ ದೃಷ್ಟಿಯಾದರೋ ಓದುಗನ ಶೀಲದ ಮೇಲೆಯೇ ನೆಟ್ಟಿದೆ.

ಈ ಎರಡು ಅರ್ಥಗಳು ಬೆರೆತಾಗ ಉಂಟಾಗುವ ತೊಡಕಿಗೆ ಅ.ನ. ಕೃಷ್ಣರಾಯರ ಪ್ರಸಂಗ ನಿದರ್ಶನ. ಬೆಂಗಳೂರಿನ ಬಸವನಗುಡಿಗೆ ಸಮೀಪದ ವಿಶ್ವೇಶ್ವರಪುರದಲ್ಲಿ ನೆಲೆಸಿದ್ದ ಅನಕೃ, 1950ರ ಆಸುಪಾಸಿನಲ್ಲಿ ವೇಶ್ಯಾಸಮಸ್ಯೆಯನ್ನು ಕುರಿತು 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳನ್ನು ಬರೆದಾಗ ಅಶ್ಲೀಲತೆಯ ಆರೋಪ ಎದುರಾಯಿತು. ವಾದ ನಡೆದದ್ದು ಸಾಹಿತ್ಯವಲಯದಲ್ಲಿ. ಅವರು ನೀಡಿದ ಉತ್ತರ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಕೃತಿ. ಈ ಶೀರ್ಷಿಕೆ ಗಮನಾರ್ಹ. ಮಾತು ಸಭ್ಯವೇ ಎಂಬ ಪ್ರಶ್ನೆಯನ್ನು ಬದಿಗಿರಿಸಿ, ಕೃತಿ ಓದುಗನಲ್ಲಿ ಏನನ್ನು ಉಂಟುಮಾಡುತ್ತದೆ ಎಂಬುದನ್ನೇ ಅದು ಮುಂದಿಡುತ್ತದೆ.

ನ್ಯಾಯಾಲಯಗಳು ಕೇಳುತ್ತ ಬಂದಿರುವುದೂ ಇದೇ ಪ್ರಶ್ನೆಯನ್ನು. ಇಂಗ್ಲೆಂಡಿನ 1868ರ ಹಿಕ್ಲಿನ್ ತೀರ್ಪು, ಅನೈತಿಕ ಪ್ರಭಾವಕ್ಕೆ ಸುಲಭವಾಗಿ ಒಳಗಾಗುವ ಮನಸ್ಸನ್ನು ಕೃತಿ ಕೆಡಿಸುವುದೇ ಎಂಬುದನ್ನು ಮಾನದಂಡವಾಗಿಸಿತು. 1964ರಲ್ಲಿ ರಂಜಿತ್ ಉದೇಶಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮಾನದಂಡವನ್ನು ಒಪ್ಪಿ, ಡಿ.ಎಚ್. ಲಾರೆನ್ಸ್‌ನ 'ಲೇಡಿ ಚಾಟರ್ಲೀಸ್ ಲವರ್' ಮಾರಿದ ಮುಂಬಯಿಯ ಪುಸ್ತಕ ವ್ಯಾಪಾರಿಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಕಲೆಯಲ್ಲಿ ಕಾಮದ ನಿರೂಪಣೆಯಷ್ಟೇ ಅಶ್ಲೀಲವಲ್ಲವೆಂದೂ ಅದೇ ತೀರ್ಪು ಹೇಳಿತು. 1969ರ ತಿದ್ದುಪಡಿ, ಸಾಹಿತ್ಯ, ಕಲೆ, ವಿಜ್ಞಾನ ಅಥವಾ ವಿದ್ಯೆಯ ಹಿತದೃಷ್ಟಿಯಿಂದ ಸಾರ್ವಜನಿಕ ಒಳಿತಿಗಾಗಿ ಸಮರ್ಥನೀಯವಾದ ಪ್ರಕಟಣೆಗೆ ದಂಡಸಂಹಿತೆಯ 292ನೆಯ ಕಲಮಿನಲ್ಲಿ ವಿನಾಯಿತಿ ನೀಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಮಿನಲ್ಲಿಯೂ ಈ ವಿನಾಯಿತಿ ಉಳಿದಿದೆ.

ಸಮರೇಶ್ ಬಸು ಅವರ ಬಂಗಾಳಿ ಕಾದಂಬರಿ 'ಪ್ರಜಾಪತಿ'ಯನ್ನು ಕುರಿತ 1985ರ ತೀರ್ಪು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನ್ಯಾಯಾಧೀಶನು ಮೊದಲು ಲೇಖಕನ ಸ್ಥಾನದಲ್ಲಿಯೂ ಅನಂತರ ವಿವಿಧ ವಯೋಮಾನದ ಓದುಗರ ಸ್ಥಾನದಲ್ಲಿಯೂ ನಿಂತು ನೋಡಬೇಕೆಂದಿತು. ಅಸಭ್ಯ ಬರಹ ಜುಗುಪ್ಸೆ, ಬೇಸರ ಹುಟ್ಟಿಸಬಹುದು, ಆದರೆ ಅದು ಓದುಗನ ಶೀಲವನ್ನು ಕೆಡಿಸುವುದಿಲ್ಲ ಎಂದು ವಿಂಗಡಿಸಿತು. ಅಂದರೆ ಆಲಂಕಾರಿಕರು 'ಅಶ್ಲೀಲ'ವೆಂದ ಜುಗುಪ್ಸೆ, ಕಾನೂನಿನ ಕಣ್ಣಿನಲ್ಲಿ ಅಷ್ಟರಿಂದಲೇ ಅಶ್ಲೀಲವಾಗದು. 2014ರ ಅವೀಕ್ ಸರ್ಕಾರ್ ತೀರ್ಪು ಒಂದು ಛಾಯಾಚಿತ್ರವನ್ನು ಕುರಿತದ್ದಾದರೂ, ಹಿಕ್ಲಿನ್ ಮಾನದಂಡವನ್ನು ಕೈಬಿಟ್ಟು ಸಮಕಾಲೀನ ಸಮಾಜದ ಮಾನದಂಡವನ್ನು ಅಂಗೀಕರಿಸಿತು.

'ಪ್ರಜಾಪತಿ'ಯ ಪರವಾಗಿ ಬುದ್ಧದೇವ ಬಸು ಸಾಕ್ಷ್ಯ ನುಡಿದಿದ್ದರು. ಸಾಹಿತ್ಯಜ್ಞನ ಮಾತು ನ್ಯಾಯಾಲಯದವರೆಗೆ ಹೋಗಬಹುದಾದ್ದರಿಂದಲೇ ಅವನ ಪರಿಭಾಷೆ ಸ್ಪಷ್ಟವಾಗಿರಬೇಕು. ಕೃತಿಯನ್ನು 'ಅಶ್ಲೀಲ'ವೆನ್ನುವ ವಿಮರ್ಶಕನು ತಾನು ಔಚಿತ್ಯಭಂಗವನ್ನು ಗುರುತಿಸುತ್ತಿರುವೆನೋ, ಅಪರಾಧವನ್ನು ಆರೋಪಿಸುತ್ತಿರುವೆನೋ ಎಂಬುದನ್ನು ಹೇಳದಿದ್ದರೆ, ಕಾವ್ಯದೋಷಕ್ಕೆ ಕಾರಾಗೃಹವೇ ಪರಿಹಾರವೆಂಬ ಭ್ರಮೆಗೆ ಎಡೆಯಾಗುತ್ತದೆ.