ಮಗುವಿನ ಹೃದಯ ಕವಾಟ: ಚಿಕಿತ್ಸೆಗೆ ಸಕಾಲ ಯಾವುದು?

ಮಗುವಿನ ಹೃದಯದ ಕವಾಟ ಸೋರುತ್ತಿದೆ, ಶಸ್ತ್ರಚಿಕಿತ್ಸೆ ಅಗತ್ಯ ಎಂದು ವೈದ್ಯರು ತಿಳಿಸಿದಾಗ ತಂದೆತಾಯಿಯರ ಮನದಲ್ಲಿ ಏಳುವ ಪ್ರಶ್ನೆ ಒಂದೇ: ಅನಂತರ ಹೃದಯವು ಮೊದಲಿನಂತೆ ಕೆಲಸ ಮಾಡುವುದೇ? ಇದನ್ನು ವೈದ್ಯರು ಬಹುಮಟ್ಟಿಗೆ ಮುಂಚಿತವಾಗಿಯೇ ಅಂದಾಜಿಸಬಲ್ಲರು. ಅದು ಹೇಗೆಂಬುದನ್ನು ನಾವು ಅರಿಯೋಣ.

ಹೃದಯದ ಎಡಭಾಗದ ಮೇಲಿನ ಹಾಗೂ ಕೆಳಗಿನ ಕೋಣೆಗಳ ನಡುವೆ ಇರುವುದು ಮೈಟ್ರಲ್ ಕವಾಟ. ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವುದು ಅದರ ಕಾರ್ಯ. ನಮ್ಮ ದೇಶದ ಮಕ್ಕಳಲ್ಲಿ ಅದು ಕೆಡಲು ರುಮ್ಯಾಟಿಕ್ ಜ್ವರವು ಮುಖ್ಯ ಕಾರಣಗಳಲ್ಲೊಂದು. ಸ್ಟ್ರೆಪ್ಟೊಕಾಕಸ್ ರೋಗಾಣುವಿನಿಂದ ಗಂಟಲುನೋವು ಬಂದ ಎರಡು ಮೂರು ವಾರಗಳ ಬಳಿಕ ಜ್ವರ ಕಾಣಿಸಿಕೊಂಡು ಕೀಲುಗಳು ಊದುತ್ತವೆ. ಕೀಲುನೋವು ಮಾಯವಾದರೂ ಕವಾಟಕ್ಕಾದ ಹಾನಿ ಉಳಿಯಬಹುದು.

ಕುಡುಮಲಕುಂಟೆಯ ರೈತರಿಗೆ ಕೊಳವೆಬಾವಿಯ ಮೋಟಾರು ಪರಿಚಿತ. ಪೈಪು ಬುಡದಲ್ಲೇ ಒಡೆದಿದ್ದರೆ ನೀರು ಸಲೀಸಾಗಿ ಹೊರಬೀಳುತ್ತದೆ. ಒಡಕನ್ನು ಮುಚ್ಚಿ, ನೀರೆಲ್ಲ ಎತ್ತರದ ತೊಟ್ಟಿಗೆ ಏರಬೇಕಾದಾಗ ಮೋಟಾರಿನ ನಿಜವಾದ ಬಲ ತಿಳಿಯುತ್ತದೆ. ಹೃದಯದ ಸ್ಥಿತಿಯೂ ಹೀಗೆಯೇ. ಪ್ರತಿ ಬಡಿತದಲ್ಲಿ ಕೆಳಕೋಣೆಯು ತನ್ನಲ್ಲಿರುವ ರಕ್ತದ ಶೇಕಡಾ ಎಷ್ಟು ಭಾಗವನ್ನು ಹೊರದೂಡುತ್ತದೆ ಎಂಬುದನ್ನು ಎಕೋ ಪರೀಕ್ಷೆ ತೋರಿಸುತ್ತದೆ. ಕವಾಟ ಸೋರುವಾಗ ರಕ್ತದ ಒಂದು ಪಾಲು ಕಡಿಮೆ ಒತ್ತಡದ ಮೇಲಿನ ಕೋಣೆಗೆ ಸುಲಭವಾಗಿ ನುಗ್ಗುವುದರಿಂದ ಈ ಅಂಕಿ ಇರುವುದಕ್ಕಿಂತ ಉತ್ತಮವಾಗಿ ಕಾಣುತ್ತದೆ. ಸೋರಿಕೆ ನಿಂತ ಮೇಲೆ ಅದು ಇಳಿಯುವುದು ಸಾಮಾನ್ಯ.

ಶಸ್ತ್ರಚಿಕಿತ್ಸೆಗೆ ಮೊದಲು ಸ್ನಾಯುಬಲ ಚೆನ್ನಾಗಿದ್ದು ಕೋಣೆ ಅತಿಯಾಗಿ ಹಿಗ್ಗಿರದಿದ್ದರೆ, ಇಳಿದ ಅಂಕಿ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುವ ಸಂಭವ ಹೆಚ್ಚು. ಮೊದಲೇ ದಣಿದ ಹೃದಯದಲ್ಲಿ ದೌರ್ಬಲ್ಯ ಉಳಿದುಬಿಡಬಹುದು. ಆದ್ದರಿಂದಲೇ ಸೋರಿಕೆ ತೀವ್ರವಾಗಿರುವ ವಯಸ್ಕರಲ್ಲಿ ಈ ಅಂಕಿ 60 ಅಥವಾ ಅದಕ್ಕಿಂತ ಕಡಿಮೆಯಾದರೆ, ಇಲ್ಲವೇ ಸಂಕುಚಿಸಿದ ಕೋಣೆಯ ಅಗಲ 40 ಮಿಲಿಮೀಟರ್ ತಲುಪಿದರೆ, ತೊಂದರೆ ಕಾಣದಿದ್ದರೂ ಚಿಕಿತ್ಸೆಗೆ ಸಲಹೆ ನೀಡುತ್ತಾರೆ. ಬೆಳೆಯುವ ಮಕ್ಕಳಲ್ಲಿ ಅಗಲವನ್ನು ಮೈಯಳತೆಗೆ ಹೋಲಿಸಿ ನಿರ್ಧರಿಸಬೇಕಾಗುತ್ತದೆ.

"ಮಗು ಆಡಿಕೊಂಡೇ ಇದೆಯಲ್ಲ" ಎಂದು ಎಕೋ ಪರೀಕ್ಷೆಯನ್ನು ಮುಂದೂಡುವುದು ಸಲ್ಲದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಲ್ಲಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ರುಮ್ಯಾಟಿಕ್ ಹೃದ್ರೋಗವೂ ಅದರ ವ್ಯಾಪ್ತಿಯಲ್ಲಿದೆ. ಬೆಂಗಳೂರಿನಲ್ಲಿ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಇದೆ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ 2001ರಿಂದ ಉಚಿತ ಚಿಕಿತ್ಸೆ ನೀಡುತ್ತಿದೆ.

ಶಸ್ತ್ರಚಿಕಿತ್ಸೆಯಾದ ಬಳಿಕವೂ, ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು. ಸದ್ಭಕ್ತರು ತಮ್ಮ ಮಕ್ಕಳ ಜೊತೆಗೆ ನೆರೆಹೊರೆಯ ಮಕ್ಕಳ ಕಡೆಗೂ ಈ ಎಚ್ಚರ ವಹಿಸಬೇಕೆಂದು ನಾವು ಕೋರುತ್ತೇವೆ.